ನಮ್ಮ ನಾಟಕದ ಲೋಟ ಕಂಡು ಮುಂದಿನ ಸಾಲು ನಕ್ಕಿತು, ಹಿಂದಿನ ಸಾಲು ನಗಲಿಲ್ಲ: ಏನು ಮಾಡಬೇಕು?

ಪ್ರಶ್ನೆ

ಹವ್ಯಾಸಿ ನಟಿ, ಕಲಬುರಗಿ:

ರಂಗಭೂಮಿಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕಲಬುರಗಿಯಲ್ಲಿ ಒಂಬತ್ತು ಜನ ಸೇರಿ ಕಟ್ಟಿಕೊಂಡಿರುವ ಹವ್ಯಾಸಿ ತಂಡವೊಂದರಲ್ಲಿ ನಾನು ನಟಿಸುತ್ತೇನೆ. ಹಗಲೆಲ್ಲ ಶಾಲೆ, ಬ್ಯಾಂಕು, ಔಷಧದ ಅಂಗಡಿ ಎಂದು ದುಡಿದು ರಾತ್ರಿ ಎಂಟರ ಮೇಲೆ ತಾಲೀಮಿಗೆ ಸೇರುವವರು ನಾವು. ನಮ್ಮ ಹೊಸ ನಾಟಕದ ಮೊದಲ ಪ್ರದರ್ಶನದಲ್ಲಿ ಪ್ರೇಕ್ಷಕರು ನಡೆದುಕೊಂಡ ರೀತಿಯಿಂದ ತಂಡದೊಳಗೇ ಭಿನ್ನಾಭಿಪ್ರಾಯ ಹುಟ್ಟಿದೆ. ಎರಡನೆಯ ಪ್ರದರ್ಶನಕ್ಕೆ ಮುಂಚೆ ಅನುಭವಿಗಳ ಮಾತು ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಹೋದ ವರ್ಷ ನಮ್ಮಲ್ಲೊಬ್ಬರು ಅಮೆರಿಕದ ನಾಟಕಕಾರ ಜೆರೆಮಿ ಒ. ಹ್ಯಾರಿಸ್ ಅವರ ‘ಸ್ಲೇವ್ ಪ್ಲೇ’ ನಾಟಕದ ಪುಸ್ತಕ ತಂದರು. ಎರಡು ಭಾನುವಾರ ಕುಳಿತು, ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತ ಓದಿದೆವು. ಆರಂಭದಲ್ಲಿ ಕಾಣುವುದು ಗುಲಾಮಗಿರಿಯ ಕಾಲದ ವರ್ಜೀನಿಯಾದ ಒಂದು ತೋಟ. ಅಲ್ಲಿ ಮೂರು ಜೋಡಿಗಳಿವೆ. ಒಡೆತನವೂ ಆಸೆಯೂ ಅವರ ನಡುವೆ ಬಿಡಿಸಲಾಗದಂತೆ ಹೆಣೆದುಕೊಂಡಿವೆ. ಎರಡನೆಯ ಅಂಕಕ್ಕೆ ಬಂದಾಗ, ಇವರು ಇಂದಿನ ಕಾಲದವರೇ, ಸಂಗಾತಿಯ ಜೊತೆ ಸುಖವೇ ಅನುಭವಕ್ಕೆ ಬಾರದಂತಾಗಿರುವ ಕಪ್ಪುವರ್ಣೀಯರಿಗಾಗಿ ನಡೆಯುತ್ತಿರುವ ಚಿಕಿತ್ಸೆಯ ಭಾಗವಾಗಿ ಆ ವೇಷ ತೊಟ್ಟಿದ್ದರು ಎಂಬುದು ತಿಳಿಯುತ್ತದೆ. 2018ರ ಕೊನೆಗೆ ನ್ಯೂಯಾರ್ಕಿನಲ್ಲಿ ಮೊದಲು ಆಡಿದಾಗಲೇ ಇದನ್ನು ನಿಲ್ಲಿಸಬೇಕೆಂದು ಅಂತರ್ಜಾಲದಲ್ಲಿ ಸಹಿ ಸಂಗ್ರಹ ನಡೆಯಿತು. 2019ರ ಅಕ್ಟೋಬರಿನಲ್ಲಿ ಅದೇ ನಗರದ ದೊಡ್ಡ ವೃತ್ತಿಪರ ರಂಗಮಂದಿರಗಳ ತಾಣವಾದ ಬ್ರಾಡ್‌ವೇಗೆ ಬಂತು. ಆ ವರ್ಷದ ಕೊನೆಯಲ್ಲಿ, ನಾಟಕಕಾರರೇ ಕುಳಿತಿದ್ದ ಒಂದು ಸಂವಾದದಲ್ಲಿ ಬಿಳಿಯ ಮಹಿಳೆಯೊಬ್ಬರು ಎದ್ದು ಕೂಗಾಡಿದ ವಿಡಿಯೊ ಎಲ್ಲೆಡೆ ಹರಡಿತು. ಅಲ್ಲಿನ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಗೆ 12 ನಾಮನಿರ್ದೇಶನ ಪಡೆದ ಈ ನಾಟಕಕ್ಕೆ ಒಂದೂ ಪ್ರಶಸ್ತಿ ಬರಲಿಲ್ಲ.

ಆ ನಾಟಕವನ್ನೇ ಇಲ್ಲಿಗೆ ತರುವ ಯೋಚನೆ ನಮಗಿರಲಿಲ್ಲ. ಆದರೆ ಒಬ್ಬರನ್ನೊಬ್ಬರು ಬಯಸಿ ಕೂಡಿದ ಇಬ್ಬರ ನಡುವೆಯೂ ಅವರ ಹಿರಿಯರ ಮೇಲು ಕೀಳು ಬಂದು ಮಲಗುತ್ತದೆಯೇ ಎಂಬ ಅದರ ಪ್ರಶ್ನೆ ನಮ್ಮ ನೆಲದ್ದೂ ಹೌದು ಅನಿಸಿತು. ಹಾಗೆ ಹುಟ್ಟಿದ್ದು ನಮ್ಮ ನಾಟಕ. ಅವಧಿ 55 ನಿಮಿಷ, ಇಬ್ಬರೇ ಪಾತ್ರಧಾರಿಗಳು. ಗಂಡ ಮೇಲ್ಜಾತಿಯವನು, ಹೆಂಡತಿ ದಲಿತ ಕುಟುಂಬದವಳು, ಬಣ್ಣದಲ್ಲಿ ಅವನಿಗಿಂತ ಕಪ್ಪು. ಮದುವೆಯಾಗಿ ಎಂಟು ವರ್ಷವಾಗಿದೆ. ಅತ್ತೆ ತೀರಿಕೊಂಡ ಮೇಲೆ ಹಳ್ಳಿಯ ಮನೆ ಖಾಲಿ ಮಾಡಲು ಇಬ್ಬರೂ ಹೋಗುತ್ತಾರೆ. ಅಡುಗೆಮನೆಯ ಹೊರಗಿನ ಗೂಡಿನಲ್ಲಿ ಒಂದು ಸ್ಟೀಲ್ ಲೋಟ ಇದೆ. ಆ ಮನೆಗೆ ಹೋದಾಗಲೆಲ್ಲ ಅವಳು ಚಹಾ ಕುಡಿದದ್ದು ಅದರಲ್ಲೇ. ಅದು ಅವಳಿಗೆಂದೇ ತೆಗೆದಿಟ್ಟ ಲೋಟ ಎಂಬುದು ಗಂಡನಿಗೆ ಇವತ್ತಿನವರೆಗೂ ಹೊಳೆದಿಲ್ಲ, ಅಥವಾ ಹೊಳೆದಿಲ್ಲವೆಂದು ಅವನು ಹೇಳುತ್ತಾನೆ. ಮಾತು ಅಲ್ಲಿಂದ ಮಲಗುವ ಕೋಣೆಯವರೆಗೂ ಹೋಗುತ್ತದೆ. ‘ನಿನ್ನ ಬಣ್ಣವೇ ನನಗೆ ಇಷ್ಟ’ ಎಂದು ಅವನು ಮೊದಲ ಸಲ ಹೇಳಿದ ಮಾತನ್ನು ಎತ್ತಿಕೊಂಡು, ನಿನಗೆ ಇಷ್ಟವಾದದ್ದು ನಾನೋ, ನನ್ನನ್ನು ಮುಟ್ಟಿದ್ದರಿಂದ ನಿನಗೆ ಬಂದ ದೊಡ್ಡಸ್ತಿಕೆಯೋ ಎಂದು ಅವಳು ಕೇಳುತ್ತಾಳೆ. ಕೊನೆಗೆ ಆ ಲೋಟವನ್ನು ತಾನೇ ತೊಳೆದು, ಸೆರಗಿನಿಂದ ಒರೆಸಿ, ಅದೇ ಗೂಡಿನಲ್ಲಿ ಬೋರಲು ಇಟ್ಟು ಹೊರಗೆ ನಡೆಯುತ್ತಾಳೆ.

ನಗರದ ಕಾಲೇಜೊಂದರ ಸಭಾಂಗಣದಲ್ಲಿ ಮೊದಲ ಪ್ರದರ್ಶನ ನಡೆಯಿತು. ಮಲಗುವ ಕೋಣೆಯ ಮಾತು ಬಂದಾಗ ಎರಡು ಕುಟುಂಬಗಳು ಎದ್ದು ಹೋದವು; ಅದನ್ನು ನಾವು ನಿರೀಕ್ಷಿಸಿದ್ದೆವು. ನಿರೀಕ್ಷಿಸದೆ ಇದ್ದದ್ದು ಕೊನೆಯ ನಗು. ನಾನು ಲೋಟ ತೊಳೆಯುತ್ತಿದ್ದಾಗ ಮುಂದಿನ ಎರಡು ಮೂರು ಸಾಲುಗಳಲ್ಲಿ ಜನ ನಕ್ಕರು. ಹಿಂದಿನ ಸಾಲುಗಳಲ್ಲಿ ಒಬ್ಬರೂ ನಗಲಿಲ್ಲ. ಆಮೇಲೆ ಸಂವಾದಕ್ಕೆಂದು ಮೈಕು ಕೊಟ್ಟಾಗ ಹಿರಿಯರೊಬ್ಬರು, ‘ಈಗ ಎಲ್ಲಿ ಅದ ರೀ ಇದೆಲ್ಲ? ಮುಗದ ಹೋದದ್ದನ್ನ ಯಾಕ ಎಬ್ಬಸ್ತೀರಿ?’ ಎಂದರು. ಹಿಂದಿನಿಂದ ಒಬ್ಬ ವಿದ್ಯಾರ್ಥಿ ಎದ್ದು ಉತ್ತರ ಕೊಟ್ಟ. ಮಾತಿಗೆ ಮಾತು ಬೆಳೆದು, ಹತ್ತು ನಿಮಿಷಕ್ಕೆ ಸಂಘಟಕರು ಮೈಕು ಬಂದ್ ಮಾಡಿದರು.

ನಾವು ಬಣ್ಣ ತೆಗೆಯುತ್ತಿದ್ದಾಗ ವಯಸ್ಸಾದ ತಾಯಿಯೊಬ್ಬರು ಒಳಗೆ ಬಂದರು. ಸಾಮಾನಿನ ಬುಟ್ಟಿಯಲ್ಲಿದ್ದ ಲೋಟವನ್ನು ಕೈಗೆ ತೆಗೆದುಕೊಂಡು ತಿರುವಿ ತಿರುವಿ ನೋಡಿದರು. ‘ಇದು ಸ್ಟೀಲಿಂದು ಅದ. ನಮಗ ಹೊಟೇಲಿನ್ಯಾಗ ಟೆಂಗಿನ ಪರಟಿಯೊಳಗ ಚಾ ಹಾಕ್ತಿದ್ರು,’ ಎಂದಷ್ಟೇ ಹೇಳಿ, ಅದನ್ನು ಬೋರಲು ಹಾಕದೆ ನೆಟ್ಟಗೆ ಮೇಜಿನ ಮೇಲೆ ಇಟ್ಟು ಹೋದರು.

ಈಗ ನಮ್ಮ ನಿರ್ದೇಶಕರು ಲೋಟ ತೊಳೆಯುವುದನ್ನು ತೆಗೆದುಹಾಕೋಣ ಎನ್ನುತ್ತಿದ್ದಾರೆ. ಎಲ್ಲರೂ ಅಳಬೇಕಾದ ಕಡೆ ಅರ್ಧ ಜನ ನಕ್ಕರೆ ತಪ್ಪು ನಮ್ಮದೇ ಎಂಬುದು ಅವರ ವಾದ. ಇನ್ನೊಬ್ಬರಿಗೆ ಸಂವಾದವೇ ಬೇಡವಾಗಿದೆ. ಮೂರನೆಯ ಗೆಳತಿ, 2019ರ ಸೆಪ್ಟೆಂಬರ್ 18ರಂದು ‘ಸ್ಲೇವ್ ಪ್ಲೇ’ಯವರು ಕಪ್ಪುವರ್ಣೀಯ ಪ್ರೇಕ್ಷಕರಿಗಾಗಿಯೇ ‘ಬ್ಲ್ಯಾಕ್ ಔಟ್’ ಎಂಬ ಪ್ರದರ್ಶನ ಮಾಡಿದ್ದನ್ನು ಎತ್ತಿ ತೋರಿಸಿ, ನಾವೂ ದಲಿತ ಪ್ರೇಕ್ಷಕರಿಗೆಂದೇ ಒಂದು ಪ್ರದರ್ಶನ ಇಡೋಣ ಎನ್ನುತ್ತಿದ್ದಾಳೆ. ನನಗೆ ಇದರಲ್ಲಿ ಯಾವುದು ಸರಿ ಎಂದು ಬಗೆಹರಿಯುತ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರಗಳು

ಬೆಳಕಿನ ಕೆಲಸದವನು, ಬೀದರ:

ತಂಗಿ, ನಾನು ಮೂವತ್ತು ವರ್ಷ ನಾಟಕಗಳಿಗೆ ಬೆಳಕು ಮಾಡಿದವನು. ನಟರಿಗೆ ಕಾಣದ್ದು ನಮಗೆ ಕಾಣುತ್ತದೆ, ಏಕೆಂದರೆ ರಂಗದ ದೀಪದ ಅಂಚು ಮೊದಲ ಮೂರು ಸಾಲಿನ ಮುಖಗಳ ಮೇಲೂ ಬಿದ್ದಿರುತ್ತದೆ. ಆ ಮುಖಗಳನ್ನು ನೋಡಿಯೇ ಹೇಳುತ್ತಿದ್ದೇನೆ, ಲೋಟ ತೊಳೆಯುವುದನ್ನು ತೆಗೆಯಬೇಡಿ. ನಗು ಬಂತೆಂದರೆ ಜನರಿಗೆ ತಮಾಷೆ ಅನಿಸಿತು ಎಂದೇ ಆಗಬೇಕಿಲ್ಲ. ತನ್ನ ಮನೆಯ ಗುಟ್ಟು ಹತ್ತು ಜನರ ಮುಂದೆ ಬಿಚ್ಚಿಕೊಂಡಾಗ ಮನುಷ್ಯ ಮೊದಲು ನಗುತ್ತಾನೆ. ಅದು ಮುಚ್ಚಿಕೊಳ್ಳುವ ಕೈ ಇದ್ದಂತೆ.

‘ಸ್ಲೇವ್ ಪ್ಲೇ’ಯ ಮೊದಲ ಅಂಕವನ್ನು ಜನ ನಗಲಿ ಎಂದೇ ಬರೆಯಲಾಗಿದೆ. ಅದರ ರಂಗವಿನ್ಯಾಸಕ ಕ್ಲಿಂಟ್ ರಾಮೋಸ್ ಅವರು ರಂಗದ ಹಿಂಬದಿಗೆ ಕನ್ನಡಿಗಳನ್ನೇ ಸಾಲಾಗಿ ನಿಲ್ಲಿಸಿದ್ದರು. ಪ್ರೇಕ್ಷಕನಿಗೆ ನಟರ ಹಿಂದೆ ತಾನು ಕುಳಿತಿರುವುದು ಕಾಣುತ್ತದೆ. ತಾನು ನಗುತ್ತಿರುವುದು ಕಾಣುತ್ತದೆ, ಪಕ್ಕದಲ್ಲಿ ಇನ್ನೊಬ್ಬರು ನಗದೆ ಕುಳಿತಿರುವುದೂ ಕಾಣುತ್ತದೆ. ನಮ್ಮ ಹಳ್ಳಿಯ ಆಟಗಳಲ್ಲಿ ಇದಕ್ಕೆ ಕನ್ನಡಿ ಬೇಕಿರಲಿಲ್ಲ. ಗ್ಯಾಸ್‌ಬತ್ತಿಯ ಬೆಳಕು ಆಡುವವರ ಮೇಲೂ ನೋಡುವವರ ಮೇಲೂ ಒಂದೇ ಸಮನೆ ಬೀಳುತ್ತಿತ್ತು. ಯಾರು ಎದ್ದು ಹೋಗಿ ಆಡುವವರಿಗೆ ಆಯೇರಿ (ಉಡುಗೊರೆ) ಮಾಡಿದರು, ಯಾರು ತಲೆ ತಗ್ಗಿಸಿದರು, ಎಲ್ಲವೂ ಊರಿಗೆ ತಿಳಿಯುತ್ತಿತ್ತು. ಪ್ರೇಕ್ಷಕರನ್ನು ಕತ್ತಲಲ್ಲಿ ಕೂರಿಸುವ ಪದ್ಧತಿ ನಮಗೆ ಆಮೇಲೆ ಬಂದದ್ದು. ಆ ಕತ್ತಲಲ್ಲಿ ನಕ್ಕವನಿಗೆ ಹಿಂದಿನ ಸಾಲಿನ ಮೌನ ಕಾಣುವುದೇ ಇಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ ನೋಡಿ. ಲೋಟ ತೊಳೆಯಲು ಶುರುಮಾಡುವ ಹೊತ್ತಿಗೆ ಸಭಾಂಗಣದ ಬೆಳಕು ನಿಧಾನವಾಗಿ ಮೇಲೆ ಬರಲಿ. ಕಾಲೇಜಿನ ಸಭಾಂಗಣಗಳಲ್ಲಿ ಟ್ಯೂಬ್‌ಲೈಟು ಬಿಟ್ಟರೆ ಬೇರೆ ಇರುವುದಿಲ್ಲ, ಅದು ಒಮ್ಮೆಲೇ ಹೊತ್ತಿದರೆ ನಾಟಕ ಮುಗಿಯಿತೆಂದು ಜನ ಏಳುತ್ತಾರೆ. ಅದರ ಬದಲು ಎರಡು ಹ್ಯಾಲೊಜನ್ ದೀಪಗಳನ್ನು ಎರಡೂ ಬದಿಯ ಗೋಡೆಗೆ ತಿರುಗಿಸಿ ಡಿಮ್ಮರಿನಿಂದ ಏರಿಸಿ. ಗೋಡೆಗೆ ಬಡಿದು ಬರುವ ಬೆಳಕು ಮೆತ್ತಗಿರುತ್ತದೆ, ಮುಖಗಳು ಮಾತ್ರ ಸರಿಯಾಗಿ ಕಾಣುತ್ತವೆ.

ಎದ್ದು ಹೋದವರ ಬಗ್ಗೆ ಚಿಂತೆ ಬೇಡ. ನ್ಯೂಯಾರ್ಕಿನಲ್ಲಿ 1924ರಲ್ಲಿ ಯೂಜಿನ್ ಓನೀಲ್ ಅವರ ಒಂದು ನಾಟಕದಲ್ಲಿ ಪಾಲ್ ರಾಬ್ಸನ್ ಮತ್ತು ಮೇರಿ ಬ್ಲೇರ್ ಗಂಡ ಹೆಂಡತಿಯಾಗಿ ನಟಿಸಿದರು. ಬಿಳಿಯ ನಟಿ ಕಪ್ಪುವರ್ಣೀಯ ನಟನ ಕೈಗೆ ಮುತ್ತಿಡುತ್ತಾಳೆ ಎಂಬ ಸುದ್ದಿಗೇ ಬೆದರಿಕೆಯ ಪತ್ರಗಳು ಬಂದವು. ಮೊದಲ ದೃಶ್ಯದಲ್ಲಿ ಎರಡೂ ಬಣ್ಣದ ಮಕ್ಕಳು ಒಟ್ಟಿಗೆ ಆಡಬೇಕಿತ್ತು. ನಗರದ ಆಡಳಿತ ಬಾಲನಟರಿಗೆ ಅನುಮತಿಯನ್ನೇ ಕೊಡಲಿಲ್ಲ. ತಂಡದವರು ಪ್ರದರ್ಶನ ನಿಲ್ಲಿಸಲಿಲ್ಲ. ಮಕ್ಕಳಿಲ್ಲದ ರಂಗದ ಮೇಲೆ ನಿರ್ದೇಶಕರು ಆ ದೃಶ್ಯವನ್ನು ಗಟ್ಟಿಯಾಗಿ ಓದಿದರು, ಮುಂದಿನದನ್ನು ನಟರು ಆಡಿದರು. ಇಷ್ಟೆಲ್ಲ ಗದ್ದಲ ಎದ್ದ ಪ್ರದರ್ಶನ ಶಾಂತವಾಗಿಯೇ ಮುಗಿಯಿತು. ಅದೇ ರಾಬ್ಸನ್ 1943ರಲ್ಲಿ ಬ್ರಾಡ್‌ವೇಯಲ್ಲಿ ಶೇಕ್ಸ್‌ಪಿಯರನ ಒಥೆಲೊ ಪಾತ್ರ, ಬಿಳಿಯ ಹೆಣ್ಣನ್ನು ಮದುವೆಯಾದ ಕಪ್ಪುವರ್ಣೀಯ ಸೇನಾಪತಿಯ ಪಾತ್ರ, ಮಾಡಿದಾಗ 296 ಪ್ರದರ್ಶನಗಳಾದವು. ಆಗಿನ್ನೂ ಅಮೆರಿಕದ ಹಲವು ರಾಜ್ಯಗಳಲ್ಲಿ ಕಪ್ಪು ಬಿಳಿ ಮದುವೆ ಅಪರಾಧವಾಗಿತ್ತು. ಆ ಕಾನೂನುಗಳು ನ್ಯಾಯಾಲಯದಲ್ಲಿ ಬಿದ್ದದ್ದು 1967ರಲ್ಲಿ.

ಓದುಗ, ಸೇಡಂ:

ಇದು ಪರದೇಶದವರ ಸಮಸ್ಯೆ. ಅವರ ಬಣ್ಣದ ಜಗಳವನ್ನು ತಂದು ನಮ್ಮ ಜಾತಿಗೆ ಹೊಂದಿಸುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಎರಡರ ಇತಿಹಾಸವೂ ಬೇರೆ.

ವಕೀಲ, ಶಹಾಪುರ:

ಸೇಡಂನ ಸಹೋದರರ ಮಾತಿನಲ್ಲಿ ಅರ್ಧ ಸತ್ಯವಿದೆ. ಬಣ್ಣ ಬೇರೆ, ಜಾತಿ ಬೇರೆ. ಬಣ್ಣ ನೂರು ಹೆಜ್ಜೆ ದೂರದಿಂದಲೇ ಕಾಣುತ್ತದೆ, ಜಾತಿಯನ್ನು ಹೆಸರು ಕೇಳಿ, ಓಣಿ ಕೇಳಿ ತಿಳಿದುಕೊಳ್ಳುತ್ತಾರೆ. ಆದರೆ ಅಕ್ಕ ಕೇಳಿರುವುದು ನೋಡುವವರ ಬಗ್ಗೆ. ಒಂದೇ ದೃಶ್ಯವನ್ನು ಎರಡು ಬಗೆಯ ಜನ ಒಂದೇ ಸೂರಿನಡಿ ಎರಡು ಬಗೆಯಾಗಿ ನೋಡಿದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಅಲ್ಲಿಯವರ ಅನುಭವ ನಮಗೆ ಉಪಯೋಗಕ್ಕೆ ಬರುತ್ತದೆ.

ಅಕ್ಕಾ, ನಾನು ಮಾದಿಗ ಸಮುದಾಯದವನು. ನಿಮ್ಮ ಬರಹದಲ್ಲಿ ನನಗೆ ನೋವಾದದ್ದು ಒಂದೇ ಕಡೆ. ತಂಡದ ಚರ್ಚೆಯೆಲ್ಲ ನಕ್ಕವರ ಸುತ್ತಲೇ ನಡೆದಿದೆ. ಅವರು ಯಾಕೆ ನಕ್ಕರು, ಅವರನ್ನು ನಗದಂತೆ ಮಾಡುವುದು ಹೇಗೆ ಎಂದೇ ಯೋಚಿಸುತ್ತಿದ್ದೀರಿ. ಸುಮ್ಮನೆ ಕುಳಿತವರಿಗೆ ಆ 55 ನಿಮಿಷ ಹೇಗಿತ್ತು ಎಂದು ನಿಮ್ಮಲ್ಲಿ ಯಾರಾದರೂ ಕೇಳಿದಿರಾ? ‘ಸ್ಲೇವ್ ಪ್ಲೇ’ಯನ್ನು ವಿರೋಧಿಸಿದವರಲ್ಲಿ ಕಪ್ಪುವರ್ಣೀಯ ಮಹಿಳೆಯರೂ ಇದ್ದರು ಎಂಬುದನ್ನು ಮರೆಯಬಾರದು. ನಮ್ಮ ಅಜ್ಜಿಯರ ಸಂಕಟವನ್ನು ಬಿಳಿಯರ ಮುಂದೆ ಹರಡಿ ಅವರನ್ನು ನಗಿಸುತ್ತೀರಿ ಎಂಬುದು ಅವರ ಸಿಟ್ಟಿನ ತಿರುಳು. ಆ ಸಿಟ್ಟು ಪೂರ್ತಿ ನ್ಯಾಯವೋ ಅಲ್ಲವೋ, ನನಗೆ ಅದು ಅರ್ಥವಾಗುತ್ತದೆ. ಊರಿನ ಹೊಟೇಲಿನಲ್ಲಿ ನಮ್ಮಪ್ಪ ಬೇರೆ ಲೋಟ ಹಿಡಿದು ಹೊರಗೆ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ನೋಡಲು ನಾನು ರಂಗಮಂದಿರಕ್ಕೆ ಬರಬೇಕಾಗಿಲ್ಲ. ಬಂದರೆ, ಆ ಹೆಂಗಸು ಆ ಲೋಟದಾಚೆಗೆ ಏನಾಗಿದ್ದಾಳೆ, ಏನು ಓದುತ್ತಾಳೆ, ಯಾವುದಕ್ಕೆ ನಗುತ್ತಾಳೆ ಎಂಬುದನ್ನು ನೋಡಲು ಬರುತ್ತೇನೆ.

ಪ್ರತ್ಯೇಕ ಪ್ರದರ್ಶನದ ವಿಷಯಕ್ಕೆ ಬರುತ್ತೇನೆ. ‘ಬ್ಲ್ಯಾಕ್ ಔಟ್’ ಪ್ರದರ್ಶನದ ಉದ್ದೇಶ ಒಳ್ಳೆಯದೇ ಆಗಿತ್ತು. ಸುಮಾರು 800 ಆಸನಗಳ ಆ ರಂಗಮಂದಿರದಲ್ಲಿ ಕಪ್ಪುವರ್ಣೀಯರು ಯಾರ ನೋಟಕ್ಕೂ ಅಂಜದೆ ನಗಲಿ, ಅಳಲಿ, ನಡುವೆ ಮಾತಾಡಲಿ ಎಂದು ಒಂದು ರಾತ್ರಿಯನ್ನು ಅವರಿಗೆ ಬಿಟ್ಟುಕೊಟ್ಟರು. ಲಂಡನ್ನಿನಲ್ಲಿ 2024ರಲ್ಲಿ ಅಂಥ ಎರಡು ರಾತ್ರಿಗಳನ್ನು ಇಟ್ಟಾಗ ಪ್ರಧಾನಿಯ ಕಚೇರಿಯಿಂದಲೇ ಆಕ್ಷೇಪ ಬಂತು. ಬೇರೆಯವರು ಬಂದರೆ ಬಾಗಿಲಲ್ಲಿ ತಡೆಯುವುದಿಲ್ಲ ಎಂದು ನಿರ್ಮಾಪಕರು ಸ್ಪಷ್ಟಪಡಿಸಬೇಕಾಯಿತು. ಆದರೆ ನಮ್ಮಲ್ಲಿ ‘ಪ್ರತ್ಯೇಕ’ ಎಂಬ ಪದಕ್ಕೇ ಆ ಲೋಟದ ವಾಸನೆ ಇದೆ. ದಲಿತರಿಗೆಂದೇ ಪ್ರದರ್ಶನ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ನಮ್ಮ ಓಣಿಯ ಹಿರಿಯರು ಅದನ್ನು ಓದಿ ಬಾಗಿಲು ಮುಚ್ಚಿಕೊಳ್ಳುತ್ತಾರೆ.

ನನ್ನ ಸಲಹೆ ಇಷ್ಟು. ಪ್ರೇಕ್ಷಕರನ್ನು ಆರಿಸಲು ಹೋಗಬೇಡಿ, ಜಾಗವನ್ನು ಆರಿಸಿ. ನಾಟಕವನ್ನು ನಮ್ಮ ಓಣಿಯ ಸಮುದಾಯ ಭವನಕ್ಕೆ ತನ್ನಿ, ನೋಡಬೇಕೆನ್ನುವ ಯಾರೂ ಬರಲಿ. ಆಗ ಮನೆಯವರು ನಾವು, ನಂಟರು ಅವರು. ಇನ್ನೊಂದು ಮಾತು. ಕಾಲೇಜಿನ ಸಭಾಂಗಣದಲ್ಲಿ ಮುಂದೆ ಬಿಳಿ ಬಟ್ಟೆ ಹಾಸಿದ ಸೋಫಾಗಳು ಇದ್ದವೇ? ಇದ್ದರೆ ಅವುಗಳಲ್ಲಿ ಯಾರು ಕುಳಿತಿದ್ದರೆಂದು ನಾನು ನೋಡದೆಯೂ ಹೇಳಬಲ್ಲೆ. ಮುಂದಿನ ಸಾಲು ನಕ್ಕಿತು, ಹಿಂದಿನ ಸಾಲು ಸುಮ್ಮನಾಯಿತು ಎಂದು ಬರೆದಿದ್ದೀರಿ. ಹಿಂದೆ ಕುಳಿತವರು ಹಿಂದೆ ಯಾಕೆ ಕುಳಿತರು ಎಂಬುದನ್ನು ನಾಟಕ ಶುರುವಾಗುವ ಮುಂಚೆಯೇ ಕೇಳಬೇಕಿತ್ತು. ಜಾಕಿ ಸಿಬ್ಲೀಸ್ ಡ್ರೂರಿ ಅವರ ‘ಫೇರ್‌ವ್ಯೂ’ ಎಂಬ ನಾಟಕದ ಕೊನೆಯಲ್ಲಿ ಕಪ್ಪುವರ್ಣೀಯ ಹುಡುಗಿಯೊಬ್ಬಳು ಬಿಳಿಯ ಪ್ರೇಕ್ಷಕರನ್ನು ರಂಗದ ಮೇಲೆ ಬಂದು ನಿಲ್ಲುವಂತೆ ಕೇಳಿಕೊಳ್ಳುತ್ತಾಳೆ. ಅಷ್ಟು ದೂರ ಹೋಗುವುದು ಬೇಡ. ಸೋಫಾ ತೆಗೆಸಿ, ಎಲ್ಲರಿಗೂ ಜಮಖಾನೆ ಹಾಸಿ.

ಮತ್ತೆ, ಆ ತಾಯಿ ಲೋಟವನ್ನು ನೆಟ್ಟಗೆ ಇಟ್ಟು ಹೋದದ್ದನ್ನು ನಾಟಕದ ಕೊನೆಗೆ ಸೇರಿಸುವ ಆಸೆ ನಿಮ್ಮಲ್ಲಿ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಬಿಟ್ಟುಬಿಡಿ. ಅದು ಅವರದು.

ಓದುಗಿ, ಬಸವಕಲ್ಯಾಣ:

ವಕೀಲರ ಮಾತನ್ನು ಎರಡು ಸಲ ಓದಿದೆ. ನಾನು ಹೇಳಬೇಕೆಂದಿರುವುದು ನಮ್ಮ ಊರಿನ ಕಥೆಯ ಬಗ್ಗೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದ್ದು, ಅದಕ್ಕಾಗಿ ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾದದ್ದು ಇಲ್ಲಿ ಮಕ್ಕಳಿಗೂ ಗೊತ್ತು. ನಾಟಕದಲ್ಲಿ ಆ ದೃಶ್ಯ ಬಂದಾಗ ಇಡೀ ಸಭೆ ಅಳುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿ ಯಾರೂ ನಗುವುದಿಲ್ಲ, ಯಾರೂ ಎದ್ದು ಹೋಗುವುದಿಲ್ಲ. 12ನೆಯ ಶತಮಾನದ ಅಂತರಜಾತಿ ಮದುವೆಗೆ ಕಣ್ಣೀರು ಹಾಕಿದ ಅದೇ ಜನ ಮನೆಗೆ ಬಂದು ಮಗಳ ಮೊಬೈಲು ಕಸಿದುಕೊಂಡದ್ದನ್ನೂ ನೋಡಿದ್ದೇನೆ. ಹಾಗಾಗಿ ಎಲ್ಲರೂ ಒಟ್ಟಿಗೆ ಅತ್ತರೆ ನಾಟಕ ಗೆದ್ದಿತು ಎನ್ನುವ ನಿಮ್ಮ ನಿರ್ದೇಶಕರ ಅಳತೆಯನ್ನು ನಾನು ಒಪ್ಪುವುದಿಲ್ಲ.

ನಿಮ್ಮ ತಂಡ ಅಮೆರಿಕದ ನಾಟಕದ ಜೊತೆಗೆ ಲಂಕೇಶರ ‘ಸಂಕ್ರಾಂತಿ’ಯನ್ನೂ ಓದಬೇಕಿತ್ತು. ಕಲ್ಯಾಣದ ಕಾಲದ ಕಥೆ ಅದು. ಉಷೆ ಬ್ರಾಹ್ಮಣರ ಹುಡುಗಿ, ರುದ್ರ ದಲಿತ ಹುಡುಗ. ರುದ್ರ ಶರಣನಾಗಿ, ಮಡಿಯಾಗಿ, ಮಾತು ಮೆತ್ತಗಾಗಿ ಬಂದಾಗ ಉಷೆಗೆ ಅವನು ಬೇಡವಾಗುತ್ತಾನೆ. ಅವಳು ಬಯಸಿದ್ದು ಮೊದಲಿನ ಒರಟು ರುದ್ರನನ್ನು. ಒಬ್ಬರ ಆಸೆಯೊಳಗೆ ಇನ್ನೊಬ್ಬರ ಜಾತಿ ಹೇಗೆ ಕೆಲಸ ಮಾಡುತ್ತದೆ ಎಂಬ ಕಹಿ ಮಾತನ್ನು ಕನ್ನಡ ರಂಗಭೂಮಿ 1970ರ ದಶಕದಲ್ಲೇ ಆಡಿದೆ. ನಿಮ್ಮ ನಾಯಕಿ ಕೇಳುವ ಪ್ರಶ್ನೆ ಉಷೆಯ ಎದುರಿಗಿರುವ ರುದ್ರನ ಪ್ರಶ್ನೆಯೂ ಹೌದು. ಇದನ್ನು ಹೊರಗಿನಿಂದ ತಂದದ್ದು ಎನ್ನುವವರಿಗೆ ಆ ನಾಟಕ ಓದಲು ಹೇಳಿ.

ಹೆಂಗಸಾಗಿ ಇನ್ನೊಂದು ಮಾತು ಸೇರಿಸುತ್ತೇನೆ. ‘ನಿನ್ನ ಬಣ್ಣವೇ ನನಗೆ ಇಷ್ಟ’ ಎಂಬ ಮಾತನ್ನು ಕೇಳಿಸಿಕೊಂಡ ಕಪ್ಪು ಹೆಣ್ಣುಮಕ್ಕಳು ಈ ಭಾಗದಲ್ಲಿ ಬಹಳ ಇದ್ದೇವೆ. ಹೆಣ್ಣು ನೋಡಲು ಬಂದವರ ಮುಂದೆ ಟ್ಯೂಬ್‌ಲೈಟಿನ ಕೆಳಗೇ ಕೂರಿಸುವುದೋ ಬೇಡವೋ ಎಂದು ಮನೆಯವರು ಚರ್ಚಿಸಿದ್ದನ್ನು ಪಕ್ಕದ ಕೋಣೆಯಿಂದ ಕೇಳಿದವಳು ನಾನು. ಆ ಮಾತನ್ನು ಹೇಳುವಾಗ ನೀವು ಅಳುತ್ತೀರೋ, ಸಿಟ್ಟಾಗುತ್ತೀರೋ ಬರೆದಿಲ್ಲ. ದಯವಿಟ್ಟು ಅಳಬೇಡಿ. ಸಮಾಧಾನವಾಗಿ ಕೇಳಿ, ಉತ್ತರ ಬರುವವರೆಗೆ ಅವನನ್ನೇ ನೋಡಿ.

ಎರಡನೆಯ ಸಾಲಿನಲ್ಲಿ ಕುಳಿತಿದ್ದವನು, ಕಲಬುರಗಿ:

ಮೇಡಂ, ಆ ಸಂಜೆ ನಕ್ಕವರಲ್ಲಿ ನಾನೂ ಒಬ್ಬ. ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಇದ್ದದ್ದು ಲೋಟವಲ್ಲ, ತಾಟು. ನಮ್ಮ ತಮ್ಮ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿ ಎರಡು ವರ್ಷದ ಮೇಲೆ ಮನೆಗೆ ಕರೆತಂದಾಗ, ಅವ್ವ ಒಂದು ತಾಟಿನ ಅಂಚಿಗೆ ಮೊಳೆಯಿಂದ ಸಣ್ಣ ಗೀರು ಹಾಕಿದ್ದಳು. ಎಲ್ಲರೂ ಒಟ್ಟಿಗೇ ಉಣ್ಣುತ್ತಿದ್ದೆವು; ಪಂಕ್ತಿಭೇದ ಇರಲಿಲ್ಲವೆಂದೇ ನಾನು ಹೇಳಿಕೊಂಡು ಬಂದಿದ್ದೇನೆ. ಆದರೆ ಗೀರಿನ ತಾಟು ಯಾವಾಗಲೂ ತಮ್ಮನ ಹೆಂಡತಿಗೇ ಬರುತ್ತಿತ್ತು, ಉಂಡ ಮೇಲೆ ಅದನ್ನು ಅವಳೇ ತೊಳೆದು ಬೇರೆ ಕಡೆ ಇಡುತ್ತಿದ್ದಳು. ನೀವು ರಂಗದ ಮೇಲೆ ಲೋಟ ತೊಳೆದು ಸೆರಗಿನಿಂದ ಒರೆಸಿದಾಗ, ಇದನ್ನು ಈಗ ಬೋರಲು ಇಡುತ್ತಾರೆ ಎಂದು ನನಗೆ ಮೊದಲೇ ತಿಳಿದುಹೋಯಿತು. ಹಾಗೆಯೇ ಇಟ್ಟಿರಿ. ನನ್ನ ಬಾಯಿಂದ ನಗು ಹೊರಬಿತ್ತು. ಯಾಕೆ ಎಂದು ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ಬೀದರಿನ ಹಿರಿಯರು ಬರೆದದ್ದು ಹತ್ತಿರ ಬರುತ್ತದೆ.

ಸಂವಾದದ ವಿಷಯದಲ್ಲಿ ನನ್ನ ಬಿನ್ನಹವಿದೆ. ದೀಪ ಹತ್ತಿದ ಎರಡೇ ನಿಮಿಷಕ್ಕೆ ಮೈಕು ನನ್ನ ಸಾಲಿಗೆ ಬಂತು. ಆಗ ನಾನು ಬಾಯಿ ತೆರೆದಿದ್ದರೆ, ‘ಈಗ ಎಲ್ಲಿ ಅದ’ ಎಂದ ಆ ಹಿರಿಯರ ಮಾತನ್ನೇ ಆಡುತ್ತಿದ್ದೆ. ತಾಟಿನ ಮಾತು ನನಗೆ ನೆನಪಾದದ್ದು ಗಾಡಿ ಹೊಡೆದುಕೊಂಡು ಮನೆ ಮುಟ್ಟಿದ ಮೇಲೆ. ಅದನ್ನು ನಾನು ಮೊದಲು ಹೇಳಿದ್ದು ನನ್ನ ಹೆಂಡತಿಗೆ. ಅವಳು, ‘ನನಗ ಮೊದಲ ದಿನಾನೇ ಗೊತ್ತಾಗಿತ್ತು,’ ಎಂದಳು. ಆದ್ದರಿಂದ ಸಂವಾದ ಇಡಿ, ಆದರೆ ಅದೇ ರಾತ್ರಿ ಬೇಡ. ಒಂದು ವಾರ ಬಿಟ್ಟು ಕರೆಯಿರಿ. ಬರುವವರು ಕಡಿಮೆಯಾಗುತ್ತಾರೆ. ಬಂದವರು ಮಾತ್ರ ಮನೆಯಲ್ಲಿ ಒಂದು ಮಾತಾದರೂ ಆಡಿ ಬಂದಿರುತ್ತಾರೆ.

ತಮ್ಮನ ಹೆಂಡತಿಗೆ ಇನ್ನೂ ಫೋನ್ ಮಾಡಿಲ್ಲ. ಮಾಡುತ್ತೇನೆ.

ಹವ್ಯಾಸಿ ನಟಿ, ಕಲಬುರಗಿ:

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ನಿನ್ನೆ ರಾತ್ರಿ ತಾಲೀಮಿನ ಬದಲು ಈ ಉತ್ತರಗಳನ್ನೇ ಗಟ್ಟಿಯಾಗಿ ಓದಿದೆವು. ವಕೀಲ ತಮ್ಮ ಕೇಳಿದ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ. ಸುಮ್ಮನೆ ಕುಳಿತವರನ್ನು ನಾವು ಯಾರೂ ಮಾತಾಡಿಸಿರಲಿಲ್ಲ, ಮತ್ತು ಹೌದು, ಬಿಳಿ ಬಟ್ಟೆಯ ಸೋಫಾಗಳು ಇದ್ದವು. ಎರಡನೆಯ ಪ್ರದರ್ಶನ ಅವರು ಹೇಳಿದಂತೆ ಓಣಿಯೊಂದರ ಸಮುದಾಯ ಭವನದಲ್ಲಿ, ಜಮಖಾನೆಯ ಮೇಲೆ. ಕರಪತ್ರದಲ್ಲಿ ಯಾರಿಗಾಗಿ ಎಂದು ಬರೆಯುವುದಿಲ್ಲ. ಸಂವಾದ ಮುಂದಿನ ಭಾನುವಾರ, ಅಲ್ಲಿಯೇ, ಮೈಕಿಲ್ಲದೆ, ಚಹಾದ ಜೊತೆ. ನಾಯಕಿಗೆ ಲೋಟದಾಚೆಯ ಬದುಕು ಬೇಕು ಎಂಬ ಮಾತಿಗೆ ಪಠ್ಯವನ್ನೇ ತಿದ್ದಬೇಕಾಗುತ್ತದೆ. ಅದಕ್ಕೆ ಇನ್ನೂ ಹದಿನೈದು ದಿನ ಬೇಕೆಂದು ಪ್ರದರ್ಶನವನ್ನು ಮುಂದೆ ಹಾಕಿದ್ದೇವೆ. ತಾಟಿನ ಗೀರಿನ ಸಂಗತಿಯನ್ನೂ ಆ ತಾಯಿಯ ಸಂಗತಿಯನ್ನೂ ನಾಟಕಕ್ಕೆ ಮುಟ್ಟಿಸುವುದಿಲ್ಲ.

ಲೋಟ ತೊಳೆಯುವುದು ಉಳಿಯುತ್ತದೆ. ಆದರೆ ಬೆಳಕಿನ ಸಲಹೆಯಿಂದ ಒಂದು ಹೊಸ ತೊಡಕು ಬಂದಿದೆ. ಈಗಿನ ಪಠ್ಯದಲ್ಲಿ ನಾನು ಹೊರಟ ಕೂಡಲೇ ದೀಪ ಆರುತ್ತದೆ, ಗಂಡನ ಪಾತ್ರ ಮಾಡುವ ಗೆಳೆಯ ಕತ್ತಲಲ್ಲಿ ಒಳಗೆ ಹೋಗುತ್ತಾನೆ. ಬೀದರಿನ ಅಣ್ಣನವರು ಹೇಳಿದಂತೆ ಸಭಾಂಗಣದಲ್ಲಿ ಬೆಳಕು ಉಳಿದರೆ ಅವನು ಎಲ್ಲರ ಕಣ್ಣೆದುರು ಆ ಲೋಟದ ಪಕ್ಕದಲ್ಲೇ ನಿಂತಿರಬೇಕಾಗುತ್ತದೆ. ‘ನಾನು ಆಗ ಏನು ಮಾಡಲಿ?’ ಎಂದು ಅವನು ನಿನ್ನೆ ಕೇಳಿದ. ನಿರ್ದೇಶಕರು ಏನೂ ಹೇಳಲಿಲ್ಲ. ಇವತ್ತು ರಾತ್ರಿ ಎಂಟಕ್ಕೆ ಆ ಜಾಗದಿಂದಲೇ ತಾಲೀಮು ಶುರುಮಾಡುತ್ತೇವೆ.